ಅತ್ತೆ ಬಿಚ್ಚಿದ ಸೋಫಾ

ಇವತ್ತು ಬೆಳಿಗ್ಗೆ ಹಿತ್ತಿಲಿಗೆ ಕಾಲಿಟ್ಟರೆ ಅಂಟುವಾಳದ ವಾಸನೆ. ಸೊಸೆ ತಲೆಗೆ ಹಾಕಿಕೊಳ್ಳಲೆಂದು ಕಾಯಿ ನೆನೆಹಾಕಿ ಬೋಗುಣಿಯಲ್ಲಿ ಕಿವುಚುತ್ತಿದ್ದಳು. ನೊರೆ ಅವಳ ಮೊಣಕೈವರೆಗೂ ಬಂದಿತ್ತು. ನನಗೆ ಮೊದಲು ಸೀನು ಬಂತು, ಆಮೇಲೆ ನಗು ಬಂತು. ಸೀನಿಗೆ ಕಾರಣ ನಿಮಗೂ ಗೊತ್ತು. ನಗುವಿನ ಕಾರಣ ಹೇಳಬೇಕಾದರೆ ನಿಮ್ಮನ್ನು ಆದೋನಿಗೆ ಕರೆದೊಯ್ಯಬೇಕು, ಅದೂ ಆಂಧ್ರಕ್ಕೆ ಆಗಷ್ಟೇ ಸೇರಿದ್ದ ಅಂದಿನ ಆದೋನಿಗೆ.

ಅಲ್ಲಿನ ಕನ್ನಡ ಶಾಲೆಯಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತ್ತು. ಇರಲಿಕ್ಕೆ ಸೋದರತ್ತೆ ಬಸಮ್ಮನ ಮನೆಯಿತ್ತು. ಮಾವ ಹತ್ತಿ ವ್ಯಾಪಾರಿ. ಪೇಟೆಯಲ್ಲಿ ನಾಲ್ಕು ಮಂದಿ ಎದ್ದು ನಿಂತು ನಮಸ್ಕರಿಸುವಂಥ ಮನುಷ್ಯ. ಆ ಊರಿನ ಧೂಳಿನ ಬಗ್ಗೆ ಒಂದು ಮಾತು ಹೇಳದೆ ನಾನು ಮುಂದೆ ಹೋಗಲಾರೆ. ಎರೆಹೊಲಗಳಿಂದ ಕರಿ ಧೂಳು ಬರುತ್ತಿತ್ತು, ಗುಡ್ಡದ ಕಡೆಯಿಂದ ಕೆಂಪು ಧೂಳು ಬರುತ್ತಿತ್ತು, ಜಿನ್ನಿಂಗ್ ಫ್ಯಾಕ್ಟರಿಗಳಿಂದ ಹತ್ತಿಯ ಎಳೆ ಹಾರಿ ಬಂದು ಎರಡನ್ನೂ ಹಿಡಿದು ಕೂರಿಸುತ್ತಿತ್ತು. ನಾನು ಶಾಲೆಯಿಂದ ಸೀಮೆಸುಣ್ಣದ ಧೂಳು ತರುತ್ತಿದ್ದೆ. ಮನೆಗೆ ನನ್ನ ಕಾಣಿಕೆ ಅಷ್ಟೇ ಇತ್ತೆಂದು ಕಾಣುತ್ತದೆ.

ಇಂಥ ಮನೆಗೆ ಮಾವ ಒಂದು ಮಖಮಲ್ ಸೋಫಾ ತಂದರು. ಹತ್ತಿ ಪ್ರೆಸ್ಸಿನ ಬಿಳಿ ಮ್ಯಾನೇಜರು ಇಂಗ್ಲೆಂಡಿಗೆ ಹೊರಡುವಾಗ ಹರಾಜಿನಲ್ಲಿ ಕೂಗಿ ಕೊಂಡದ್ದು. ಆತನಿಗೆ ಮಾವ ವರ್ಷಗಟ್ಟಲೆ ಹತ್ತಿ ಮಾರಿದ್ದರು, ಆದರೆ ಆ ಸೋಫಾದ ಮುಂದೆ ನಿಂತೇ ಮಾತಾಡಿದ್ದರಂತೆ. ಈಗ ಅದು ನೇರಳೆ ಹಣ್ಣಿನ ಬಣ್ಣದಲ್ಲಿ ನಮ್ಮ ಪಡಸಾಲೆಯಲ್ಲಿ ಬಂದು ಕುಳಿತಿತು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಬಂದವರು ಜಮಖಾನೆಯ ಮೇಲೆ ಕುಳಿತು ಸೋಫಾಕ್ಕೆ ಬೆನ್ನು ಕೊಡುತ್ತಿದ್ದರು. ಒಮ್ಮೆ ನಾನು ಧೈರ್ಯ ಮಾಡಿ ಕುಳಿತೆ. ಎದ್ದ ಧೂಳಿಗೆ ಬಂದ ಸೀನುಗಳನ್ನು ಕೇಳಿ ಪಕ್ಕದ ಮನೆಯವರು ಹುಡುಗನಿಗೆ ಜ್ವರವೇ ಎಂದು ವಿಚಾರಿಸಿಹೋದರು.

ಬೇಸಿಗೆ ಬರುವಷ್ಟರಲ್ಲಿ ನೇರಳೆ ಬಣ್ಣ ಹೋಗಿ ಗೋಡೆಯ ಬಣ್ಣ ಬಂತು. ಅತ್ತೆ ಕಸಬರಿಗೆಯಿಂದ ಬಡಿದಳು. ಎದ್ದ ಧೂಳು ತಿರುಗಿ ಅಲ್ಲೇ ಇಳಿಯಿತು. ಕೊನೆಗೆ ಒಂದು ಮಧ್ಯಾಹ್ನ ಕೊಡ ನೀರು ಸುರಿದು ತಿಕ್ಕಿದಳು. ಧೂಳು ಕೆಸರಾಯಿತು, ಕೆಸರು ಒಣಗಿ ದೊಡ್ಡ ಕಲೆಯಾಯಿತು. ಮಾವ ಅಂಗಡಿಯಿಂದ ಇಬ್ಬರು ವ್ಯಾಪಾರಿಗಳನ್ನು ಕರೆತಂದದ್ದು ಅವತ್ತೇ. ಕಲೆ ಕಂಡು ಅವರ ಎದುರಿಗೇ ಅಂದುಬಿಟ್ಟರು: “ಕೌತಾಳದ ಬುದ್ಧಿ ಕೌತಾಳದಾಗ ಬಿಟ್ಟು ಬರಬೇಕಿತ್ತು.”

ಅತ್ತೆಯ ತವರು ಕೌತಾಳವೆಂಬ ಹಳ್ಳಿ. ನನ್ನ ಅಪ್ಪನದೂ ಅದೇ ಊರು, ಹಾಗಾಗಿ ಆ ಮಾತಿನಲ್ಲಿ ನನಗೂ ಒಂದು ಪಾಲು ಬಂತು. ಅವತ್ತಿನಿಂದ ಅತ್ತೆ ಮಾವನ ಜೊತೆ ಮಾತೇ ಬಿಟ್ಟಳು. ಅವರಿಬ್ಬರ ನಡುವಿನ ಅಂಚೆ ನಾನಾದೆ.

“ನಿಮ್ಮ ಮಾವಾರಿಗೆ ಹೇಳಪಾ, ರೊಟ್ಟಿ ಆಗ್ಯಾವ” ಎಂದು ಅತ್ತೆ ಒಲೆಯ ಮುಂದಿನಿಂದ ಹೇಳುವಳು.

“ನಿಮ್ಮ ಅತ್ತಿಗೆ ಹೇಳು, ನನಗ ಕಿವಿ ಕೇಳಸ್ತಾವ” ಎಂದು ಮಾವ ಮೂರು ಮಾರು ದೂರದಿಂದ ಹೇಳುವರು.

ನಾನು ಎರಡನ್ನೂ ತಲುಪಿಸುತ್ತಿದ್ದೆ. ಮಾಸ್ತರನಿಗೆ ಹೇಳಿದ್ದನ್ನೇ ಮತ್ತೆ ಹೇಳುವುದು ಹೊಸದೇನಲ್ಲವಲ್ಲ.

ಹೀಗಿರುವಾಗ ಇಮಾಂಬಿ ಬಂದಳು. ವರ್ಷಕ್ಕೊಮ್ಮೆ ನಮ್ಮ ಗಾದಿಗಳ ಹತ್ತಿಯನ್ನು ಹಿಂಜಿಕೊಡುತ್ತಿದ್ದ ಪಿಂಜಾರ ಹೆಂಗಸು. ಹೆಗಲ ಮೇಲೆ ಹತ್ತಿ ಹಿಂಜುವ ಆಳುದ್ದದ ಬಿಲ್ಲು, ಬಾಯಿಯಲ್ಲಿ ಎಲೆಯಡಿಕೆ, ಅರ್ಧ ತೆಲುಗು ಅರ್ಧ ಕನ್ನಡ. ಮೇಲೆ ಬಿಳಿ ಬಟ್ಟೆ ಹೊದಿಸಿದ್ದ ಸೋಫಾವನ್ನು ನೋಡಿ, “ಏಮ್ಮಾ, ಇದು ಸೋಫಾನೋ, ಯಾರದರೆ ಸಮಾಧೀನೋ?” ಎಂದಳು.

ಅತ್ತೆ ಬಟ್ಟೆ ತೆಗೆದು ಕಲೆ ತೋರಿಸಿದಳು. ಇಮಾಂಬಿ ಸೊಂಟದ ಮೇಲೆ ಕೈಯಿಟ್ಟು, “ಇಂತೇನಾ! ಇಷ್ಟೇನಾ! ಕಲೆಕ್ಟರ ಬಂಗಲೆದಾಗ ಇಂಥಾವು ಎಷ್ಟ ತೊಳದೀನಮ್ಮಾ ನಾನು. ಇದು ಮಗೂ ತೊಳದಂಗ” ಎಂದಳು. ಇದು ಹಸಿ ಸುಳ್ಳು. ಅವಳು ಅಲ್ಲಿಯವರೆಗೆ ಸೋಫಾವನ್ನು ಮುಟ್ಟಿಯೇ ಇರಲಿಲ್ಲವೆಂದು ಬಹಳ ಕಾಲದ ಮೇಲೆ, ನಗುತ್ತ ತಾನೇ ಹೇಳಿದಳು.

ಮಾವ ಮಂತ್ರಾಲಯದ ಕಡೆ ಹತ್ತಿ ನೋಡಲು ಹೋದ ದಿನವೇ ಮುಹೂರ್ತವಾಯಿತು. ಅಂದು ನನಗೆ ಶಾಲೆಗೆ ರಜೆ. ಮೂವರೂ ಸೇರಿ ಸೋಫಾವನ್ನು ಅಂಗಳಕ್ಕೆ ಎಳೆದೆವು. ಮೊಳೆ ಕಿತ್ತು ಮಖಮಲ್ಲನ್ನು ಸುಲಿದೆವು. ಒಳಗೆ ಎಂಥ ಹತ್ತಿ ಇರಬಹುದೆಂದು ಅತ್ತೆಗೆ ಕುತೂಹಲ. ಹತ್ತಿಯ ದೊರೆ ಕೂತ ಪೀಠವಲ್ಲವೆ! ಇಮಾಂಬಿ ಒಳಗೆ ಕೈಹಾಕಿದವಳು ಕಿಟಾರನೆ ಕಿರುಚಿ ಹಿಂದಕ್ಕೆ ಹಾರಿದಳು.

“ಅಮ್ಮೋ! ಲೋಪಲ ಗುರ್ರಂ ಉಂದಿ! ಒಳಗ ಕುದುರಿ ಐತಮ್ಮಾ!”

ಕುದುರೆಯೇನೋ ಇರಲಿಲ್ಲ, ಕುದುರೆಯ ಕೂದಲಿತ್ತು. ಕರಿ, ಕಂದು, ಗುಂಗುರು ಗುಂಗುರಾದ ಕೂದಲು, ರಾಶಿ ರಾಶಿ. ಹೆಸರಿಗೆ ಒಂದು ಎಳೆ ಹತ್ತಿ ಇರಲಿಲ್ಲ. ಅತ್ತೆ ಗಾಬರಿಯಾದಳು. ಆದರೆ ಬಿಚ್ಚಿದ್ದಾಗಿತ್ತು. ಅಂಟುವಾಳದ ನೀರಿನಲ್ಲಿ ಕೂದಲು ತೊಳೆದು ಬಿಸಿಲಿಗೆ ಹರವಿದೆವು. ಮಖಮಲ್ಲಿಗೆ ಬಿಸಿ ತವುಡು ಹಾಕಿ ಉಜ್ಜಿ ಝಾಡಿಸಿ, ಮೇಲೆ ಬರಿಯ ನೊರೆ ಸವರಿ, ಒದ್ದೆ ಅರಿವೆಯಿಂದ ಒರೆಸಿದೆವು. ನೇರಳೆ ಬಣ್ಣ ಅಂಗೈಯಗಲ, ಮೊರದಗಲ ಮೇಲಕ್ಕೆ ಬಂತು. ಅತ್ತೆಯ ಮುಖವೂ ಅರಳುತ್ತ ಬಂತು. ಅಷ್ಟರಲ್ಲಿ ಬಾಗಿಲಲ್ಲಿ ಮಾವ.

ಮರುದಿನ ಬರಬೇಕಾದವರು ಅಂದೇ ಬಂದಿದ್ದರು. ಸೋಫಾದ ಎಲುಬು ಒಂದು ಕಡೆ, ತೊಗಲು ಹಗ್ಗದ ಮೇಲೆ, ಕೂದಲು ಅಂಗಳದ ತುಂಬ. ನಾನು ಬಾವಿಯ ಮರೆಗೆ ಸರಿದೆ. ಮಾವ ಬಗ್ಗಿ ಒಂದು ಹಿಡಿ ಕೂದಲು ತೆಗೆದುಕೊಂಡರು. ಅಂಗಡಿಯಲ್ಲಿ ಹತ್ತಿಯ ಎಳೆ ಎಳೆದು ನೋಡುವಂತೆ ಎರಡೂ ಕೈಯಲ್ಲಿ ಎಳೆದರು. ಮೂಸಿದರು.

“ಏನಿದು?”

“ಕುದುರಿ ಕೂದ್ಲರಿ ಮಾವಾ” ಎಂದೆ ನಾನು ಬಾವಿಯ ಹಿಂದಿನಿಂದ.

“ಹತ್ತಿ?”

“ಇಲ್ರಿ.”

ಮಾವ ಮೆಟ್ಟಿಲ ಮೇಲೆ ಕುಸಿದು ಕುಳಿತರು. “ಎಳಿ ಗಿಡ್ಡ, ಕಸ ಭಾಳ ಅಂತ ವರ್ಷಾನುಗಟ್ಟಲೆ ನನ್ನ ಹತ್ತಿಗೆ ಹೆಸರಿಟ್ಟಾ ಆ ದೊರಿ. ಕುಂತಿದ್ದು ಕುದುರಿ ಕೂದಲ ಮ್ಯಾಲ!” ಎಂದವರೇ ನಗಲು ಶುರುಮಾಡಿದರು. ಅಂಥ ನಗುವನ್ನು ಆ ಮನೆಯಲ್ಲಿ ನಾನು ಕೇಳಿರಲಿಲ್ಲ. ಪೇಟ ಜಾರಿ ಅಂಟುವಾಳದ ನೀರಿಗೆ ಬಿತ್ತು. ಇಮಾಂಬಿ ಬಿಲ್ಲು ಹಿಡಿದುಕೊಂಡು ನಕ್ಕಳು. ಅತ್ತೆ ಮಾತ್ರ ನಗಲಿಲ್ಲ.

“ನಗೂದು ಸಾಕು” ಎಂದಳು, ನೇರ ಮಾವನಿಗೇ. “ಎದ್ದು ಆ ಕಡೆ ಹಿಡೀರಿ. ನಿಮ್ಮ ದುಕಾನದಾಗಿನ ಚೊಲೋ ಹತ್ತಿ ತರಸ್ರಿ. ಕೌತಾಳದ ಬುದ್ಧಿ ಹೆಂಗಿರ್ತೈತಿ ತೋರಸ್ತೀನಿ.”

ಮಾವ ಎದ್ದರು. “ತಪ್ಪಾತು ಮಾರಾಯ್ತಿ” ಎಂದು ಮೆಲ್ಲಗೆ ಅಂದದ್ದು ನನಗೂ ಕೇಳಿತು. ಕೂದಲಿನ ಮೇಲೆ ಇಮಾಂಬಿ ಹಿಂಜಿದ ಹತ್ತಿ ತುಂಬಿ, ಮಾವನೇ ಮೊಳೆ ಬಡಿದರು. ಒಂದೆರಡು ಏಟು ಹೆಬ್ಬೆರಳಿಗೂ ಬಿದ್ದವು. ಹತ್ತಿ ಹೆಚ್ಚಾಗಿ ಸೋಫಾ ಎಷ್ಟು ಎತ್ತರವಾಯಿತೆಂದರೆ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಆದರೂ ಕೂರುವವರು ಬಂದೇ ಬಂದರು.

ಬಂದವರಲ್ಲಿ ವಕೀಲರೊಬ್ಬರು ತಮ್ಮ ಕುರ್ಚಿಗಳನ್ನೂ ಹೀಗೆ ಮಾಡಿಸಿಕೊಡಿರೆಂದರು. ಆಮೇಲೆ ಡಾಕ್ಟರರ ಮನೆ, ಟಾಕೀಸಿನ ಮೆತ್ತನೆ ಕುರ್ಚಿಗಳು. ಇಮಾಂಬಿ, “ಬಸಮ್ಮಮ್ಮ ಬಂದ್ರೇನೇ ನಾನು ಬರಾದು” ಎಂದು ಹಟಹಿಡಿದಳು. ಮಾವ ಮತ್ತೆ ಗಂಟುಮುಖ ಹಾಕಿದರು.

“ಹತ್ತಿ ವ್ಯಾಪಾರಿ ಹೆಂಡ್ತಿ ಮಂದಿ ಮನಿ ಕುರ್ಚಿ ಒರಸಾಕ ಹೋದ್ಲು ಅಂದ್ರ ಪ್ಯಾಟ್ಯಾಗ ನನ್ನ ಮಾನ ಏನಾಗಬೇಕು?”

“ನಿಮ್ಮ ಮಾನಕ್ಕ ಧೂಳ ಹತ್ತಿದ್ರ ಹೇಳ್ರಿ. ಅದನ್ನೂ ಝಾಡಿಸಿ ಕೊಡ್ತೀನಿ” ಎಂದು ಅತ್ತೆ ಜಟಕಾ ಹತ್ತಿದಳು. ಮಾವ ಒಂದು ವಾರ ಸೆಡೆದುಕೊಂಡಿದ್ದರು. ಆಮೇಲೆ ಪೇಟೆಯ ಎಲ್ಲರಿಗಿಂತ ದೊಡ್ಡ ವ್ಯಾಪಾರಿಯೇ ಅಂಗಡಿಗೆ ಬಂದು, “ನಿಮ್ಮ ಮನ್ಯಾವ್ರನ್ನ ನಮ್ಮ ಮನಿಗೂ ಒಮ್ಮೆ ಕಳಸ್ರಿ” ಎಂದು ಕೇಳಿಕೊಂಡ ಮೇಲೆ, ಜಟಕಾ ಕರೆಸುವ ಕೆಲಸ ಮಾವನದೇ ಆಯಿತು.

ಈ ಕಥೆಯನ್ನು ನಾನು ಎಷ್ಟೋ ಮಂದಿಗೆ ಹೇಳಿದ್ದೇನೆ. ಯಾವಾಗಲೂ ಮಾವನ ನಗುವಿನಲ್ಲೇ ಮುಗಿಸುತ್ತಿದ್ದೆ. ಕೇಳಿದವರು ನಗುತ್ತಿದ್ದರು, ನಾನೂ ಸಂತೋಷಪಡುತ್ತಿದ್ದೆ. ಇವತ್ತು ಸೊಸೆಗೆ ಪೂರ್ತಿ ಹೇಳಿದೆ. ಅವಳು ನಕ್ಕಳು. ನಕ್ಕು, ಮತ್ತೆ ಕಾಯಿ ಕಿವುಚುತ್ತ, “ಮಾವಾರ, ಅದಕ್ಕಿಂತ ಮೊದ್ಲು ನಿಮ್ಮ ಅತ್ತಿಯವರು ಹೊರಗ ಎಲ್ಲೆಲ್ಲಿ ಹೋಗಿದ್ರು?” ಎಂದು ಕೇಳಿದಳು.

ನಾನು ಬೆರಳು ಮಡಿಸಿ ಎಣಿಸಿದೆ. ಗುಡಿಗೆ, ಬೀಗರ ಮನೆಗೆ, ತವರಿಗೆ. ಮತ್ತೆ? ಆಗ ಒಂದು ಸಂಜೆ ಕಣ್ಣಮುಂದೆ ಬಂತು. ಅತ್ತೆ ಜಟಕಾದಿಂದ ಇಳಿದು, ಹುಬ್ಬಿನವರೆಗೆ ಧೂಳು ತುಂಬಿಕೊಂಡು, ಕೈಕಾಲು ತೊಳೆಯದೆ ಕಟ್ಟೆಯ ಮೇಲೆ ಕುಳಿತಿದ್ದಳು. ಯಾರ ಮನೆಯಲ್ಲಿ ಎಂಥ ಕಿಟಕಿ, ಯಾವ ಓಣಿಯಲ್ಲಿ ಎಂಥ ಬೇವಿನ ಮರ, ಟಾಕೀಸಿನ ಒಳಗೆ ಹಗಲಲ್ಲಿ ಹೇಗಿರುತ್ತದೆ ಎಂದು ಹೇಳುತ್ತಲೇ ಇದ್ದಳು. ಕೊನೆಗೆ ಅಂದಳು: “ಲಗ್ನಾಗಿ ಇಲ್ಲಿಗೆ ಬಂದು ತಲಿಗೂದ್ಲ ನರೀತ ಬಂದಾವು. ಆದೋನಿ ಇಷ್ಟ ದೊಡ್ಡದೈತಿ ಅಂತ ನನಗ ಗೊತ್ತೇ ಇರಲಿಲ್ಲ ನೋಡಪಾ.”

ಇದನ್ನೂ ಸೊಸೆಗೆ ಹೇಳಿದೆ. ನಾವಿರುವುದು ರಾಯಚೂರು, ಆದೋನಿಗೆ ರೈಲು ಹತ್ತಿದರೆ ಹೋಗಿಬರುವಷ್ಟೇ ದೂರ. ಆದರೂ ಅವಳು ಅದನ್ನು ನೋಡಿಲ್ಲ. ಬರುವ ಭಾನುವಾರ ಇಬ್ಬರೂ ಹೋಗುವುದೆಂದು ಆಯಿತು. ಮಗ ಸ್ನಾನ ಮುಗಿಸಿ ಬಂದವನು, “ಅಲ್ಲಿ ಈಗ ನಿಮಗ ಏನ ಕೆಲಸ?” ಎಂದ.

“ಕೆಲಸ ಏನೂ ಇಲ್ರಿ” ಎಂದಳು ಸೊಸೆ, ಕೈಯ ನೊರೆ ಕೊಡವುತ್ತ. “ಊರು ನೋಡಾಕ.”