ಅರವತ್ತೆರಡರ ಅರ್ಜಿ

ಹೊಗೆಸೊಪ್ಪಿನ ಎಲೆಯೊಂದನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿದರೆ ಸಾಕು, ಅದು ಗಿಡದ ಬುಡದ್ದೋ ನೆತ್ತಿಯದ್ದೋ, ಗೂಡಿನಲ್ಲಿ ಬಿಸಿಗಿಟ್ಟು ಬೇಯಿಸುವಾಗ ಉರಿ ಯಾವಾಗ ಹೆಚ್ಚಾಯಿತು ಎಂಬುದೆಲ್ಲ ನೀಲಕಂಠಸ್ವಾಮಿಗೆ ತಿಳಿದುಬಿಡುತ್ತದೆ. ಹುಣಸೂರಿನ ಸೊಪ್ಪಿನ ಕಂಪನಿಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಅವರು ಮಾಡುತ್ತ ಬಂದಿರುವುದು ಇದನ್ನೇ: ಸೊಪ್ಪು ಮುಟ್ಟಿ ದರ್ಜೆ ಹೇಳುವುದು. ಕೆಲಸ ಬಿಟ್ಟ ದಿನ ಪಿಂಚಣಿಯಿಲ್ಲ, ಸಂಬಳವೂ ಇಲ್ಲ. ಹಾಗಾಗಿ ಬಿಡುವ ಮಾತನ್ನು ಅವರು ಎತ್ತಿದವರಲ್ಲ.

ಒಂದು ಬೆಳಿಗ್ಗೆ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ, ಜೊತೆಗೆ ಓದಿದ ನಂಜಣ್ಣ ನೀಲಕಂಠಸ್ವಾಮಿಯ ಸಂಬಳದ ಚೀಟಿಯನ್ನು ಕಿತ್ತುಕೊಂಡು ನೋಡಿದ. ತಾಲ್ಲೂಕು ಕಚೇರಿಯಲ್ಲಿದ್ದು ನಿವೃತ್ತನಾದವನು. ಯಾರ ಕಾಗದ ಕಂಡರೂ ಅವನಿಗೆ ಕೈ ಕಡಿಯುತ್ತಿತ್ತು.

"ಇದೇನ್ಲಾ, ವೃತ್ತಿ ತೆರಿಗೆ ಇನ್ನೂ ಇಡೀತಾವ್ರೆ? ಅರವತ್ತು ದಾಟಿದೋರು ಕಟ್ಟಂಗಿಲ್ಲ ಕಣ್ಲಾ. ಎರಡು ವರ್ಷದಿಂದ ಸುಮ್ಕೆ ಕೊಡ್ತಾ ಕೂತಿದ್ದೀಯಲ್ಲ, ದಾನಶೂರ."

"ತಿಂಗಳಿಗೆ ಇನ್ನೂರು. ಓಗ್ಲಿ ಬುಡು."

"ಯಾಕ್ ಓಗ್ಬೇಕು? ವಯಸ್ಸಾದೋರಿಗೆ ಅಂತ ಸರ್ಕಾರ ಒಂದು ಕೊಟ್ಟದೆ. ಇಸ್ಕೊಳ್ಳಾಕೂ ನಾಚಿಕೆಯಾ?"

ಆ ಮಾತು ನಾಟಿತು. ನೀಲಕಂಠಸ್ವಾಮಿ ರಾತ್ರಿಯ ಊಟಕ್ಕೆ ಮುಂಚೆಯೇ ಕೂತು ದುಂಡು ಅಕ್ಷರದಲ್ಲಿ ಅರ್ಜಿ ಬರೆದರು. ಆಧಾರ್ ಕಾರ್ಡಿನ ಜೆರಾಕ್ಸನ್ನು ಹಿಂದಕ್ಕೆ ಗುಂಡುಸೂಜಿಯಿಂದ ಚುಚ್ಚಿದರು. ಹುಟ್ಟಿದ ದಿನಾಂಕದ ಕೆಳಗೆ ಗೆರೆ ಎಳೆದರು.

ಮರುದಿನ ಕಂಪನಿಯ ಕಚೇರಿಯಲ್ಲಿ ಹೇಮಶ್ರೀ ಅದನ್ನು ಓದಿದಳು. ಸಂಬಳದ ಕೆಲಸ ನೋಡುವ ಹುಡುಗಿ. ಓದಿ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು.

"ಅಂಕಲ್, ನಿಮಗೆ ಅರವತ್ತೆರಡಾ?"

"ಹೂಂ ಕಣಮ್ಮ."

"ಅರವತ್ತು ದಾಟಿದವರನ್ನ ಇಟ್ಕೋಬೇಡಿ ಅಂತ ಮೇಲಿನವರು ಹೋದ ವರ್ಷಾನೇ ಹೇಳಿದ್ದಾರೆ. ನಿಮ್ಮ ಹಳೇ ಫೈಲ್ ಯಾರೂ ತೆಗೆದಿಲ್ಲ, ಅದಕ್ಕೇ ಉಳ್ಕೊಂಡಿದ್ದೀರಿ. ಇದನ್ನ ನಾನು ಕಂಪ್ಯೂಟರಿಗೆ ಹಾಕಿದ್ರೆ ಮ್ಯಾನೇಜರ್‌ಗೆ ಹೋಗುತ್ತೆ."

"ಅಲ್ಲಮ್ಮ, ಅರವತ್ತು ದಾಟಿ ಕೆಲಸ ಮಾಡೋರಿಗೆ ತಾನೇ ಈ ವಿನಾಯಿತಿ? ಕೆಲಸದಲ್ಲೇ ಇರಬಾರದು ಅಂದ್ರೆ ಅದನ್ನ ಯಾರು ಇಸ್ಕೋಬೇಕು?"

ಹೇಮಶ್ರೀ ಅರ್ಜಿಯನ್ನು ಮೇಜಿನ ಮೇಲೆ ಅವರ ಕಡೆಗೆ ಒಂದು ಗೇಣು ಸರಿಸಿದಳು.

ಫ್ಯಾನಿನ ಗಾಳಿಗೆ ಕಾಗದದ ಅಂಚು ಏಳುತ್ತ ಬೀಳುತ್ತ ಇತ್ತು. ನೀಲಕಂಠಸ್ವಾಮಿ ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ಬಯ್ಯಬೇಕೆನಿಸಿತು. ಯಾರನ್ನು ಬಯ್ಯುವುದು? ಕೊಟ್ಟ ಸರ್ಕಾರವನ್ನೋ, ಕೊಡಿಸಹೊರಟ ನಂಜಣ್ಣನನ್ನೋ, ಮೆಲ್ಲಗೆ ಮಾತಾಡಿದ ಈ ಹುಡುಗಿಯನ್ನೋ? ಒಳಗೆ ಸೊಪ್ಪಿನ ರಾಶಿಯ ಹತ್ತಿರ, ಕೈಗೆ ಸಿಕ್ಕ ಎಲೆಯನ್ನು ಅವರು ಎಷ್ಟು ಬಿರುಸಾಗಿ ಉಜ್ಜಿದರೆಂದರೆ ಅದು ಪುಡಿಯಾಯಿತು.

ಪಿರಿಯಾಪಟ್ಟಣದಿಂದ ಸೊಪ್ಪು ತಂದಿದ್ದ ದೇವರಾಜು ನಕ್ಕ. "ಏನ್ ಸ್ವಾಮೇರೇ, ಕೈ ನಡುಗ್ತಾ ಅದೆ? ವಯಸ್ಸಾಯ್ತಾ?"

ಪಕ್ಕದಲ್ಲೇ ಮ್ಯಾನೇಜರ್ ನಿಂತಿದ್ದರು.

"ಸೊಪ್ಪು ಜಾಸ್ತಿ ಒಣಗಿಸಿದ್ದೀಯ ಕಣಯ್ಯ," ಎಂದರು ನೀಲಕಂಠಸ್ವಾಮಿ. ಆ ಎಲೆ ಹದವಾಗಿಯೇ ಇತ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ ಸೊಪ್ಪಿನ ವಿಷಯಕ್ಕೆ ಅವರು ಸುಳ್ಳು ಹೇಳಿದ್ದು ಅದೇ ಮೊದಲು. ಇನ್ನೊಂದು ಎಲೆ ತೆಗೆದು, ಸರಿಯಾದ ದರ್ಜೆಯನ್ನೇ ಕೂಗಿ ಬರೆಸಿದರು.

ಮಾರನೆಯ ಬೆಳಿಗ್ಗೆ ಹೋಟೆಲಿನಲ್ಲಿ ನಂಜಣ್ಣ ಕೇಳಿದ, "ಕೊಟ್ಟಾ ಅರ್ಜಿ?"

"ನಂಗಿನ್ನೂ ಅರವತ್ತಾಗಿಲ್ವಂತೆ ಕಣೋ."

"ಯಾವನ್ಲಾ ಅಂದೋನು? ನಾನೂ ನೀನೂ ಒಂದೇ ದಿನ ಇಸ್ಕೂಲಿಗೆ ಸೇರಿದ್ದು."

"ಮೆತ್ತಗೆ ಮಾತಾಡು," ಎಂದರು ನೀಲಕಂಠಸ್ವಾಮಿ. ಪಕ್ಕದ ಮೇಜಿನಲ್ಲಿ ಕಂಪನಿಯವರು ಇಬ್ಬರು ಕೂತಿದ್ದರು.