ಕಡೆಯಲ್ಲಿಟ್ಟ ಎರಡು ಸಾಲು

ಒಂದೇ ಸಂಗತಿಯ ಮೇಲೆ ಇಬ್ಬರು ಬರೆದ ಲೇಖನಗಳನ್ನು ಒಂದು ಮಾಡುವುದಿದೆಯಲ್ಲ, ಅದರಷ್ಟು ಜೀವ ತಿನ್ನುವ ಕೆಲಸ ಇನ್ನೊಂದಿಲ್ಲ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಟಿಳಕವಾಡಿ ಬಡಾವಣೆಯ ಒಂದು ಕೋಣೆಯಲ್ಲಿ ಕೂತು, ಜಿಲ್ಲೆಯ ವಿಶ್ವಕೋಶಕ್ಕಾಗಿ ಅದನ್ನೇ ಮಾಡುತ್ತಿದ್ದೆ. ನಮ್ಮೂರ ಸಿಹಿತಿಂಡಿ ಕುಂದಾದ ಮೇಲೆಯೇ ನಾಲ್ಕು ಲೇಖನ ಬಂದಿದ್ದವು ಮಾರಾಯ್ರೆ! ಯಾರದನ್ನು ಕತ್ತರಿಸಿದರೂ ಬೈಗುಳ ಮಾತ್ರ ನನಗೇ.

ಒಂದು ಸಲ ಬಂದವು ವಿದ್ಯಾರ್ಥಿಗಳು ತಯಾರಿಸಿದ ಕಂಪ್ಯೂಟರ್ ಪ್ರೋಗ್ರಾಮುಗಳ ಕುರಿತ ಎರಡು ಲೇಖನ. ನಗರದ ಪ್ರಾಧ್ಯಾಪಕರೊಬ್ಬರದು ಹನ್ನೊಂದು ಹಾಳೆ. ಖಾನಾಪುರದ ಹೈಸ್ಕೂಲಿನ ಗಣಿತದ ಶಿಕ್ಷಕಿಯದು ಎರಡೂವರೆ. ಮುಕ್ಕಾಲು ಪಾಲು ಅದೇ ಮಾತು.

“ಎರಡೂ ಒಂದ ಸುದ್ದಿ ಅದ. ಕೂಡಿಸಿ ಒಗೀರಿ,” ಎಂದರು ಸಂಪಾದಕರು, ತಲೆ ಎತ್ತದೆ.

ದೊಡ್ಡದನ್ನು ಇಟ್ಟುಕೊಂಡು ಸಣ್ಣದನ್ನು ಅದರೊಳಗೆ ಸೇರಿಸುವುದು ನಮ್ಮ ರೂಢಿ. ಹಾಗೆಂದು ಶಿಕ್ಷಕಿಗೆ ಕಾರ್ಡು ಬರೆದೆ. ಶನಿವಾರ ಅವರೇ ಬಸ್ಸು ಹತ್ತಿ ಬಂದರು.

“ನನ್ನ ಹೆಸರು ಬ್ಯಾಡ್ರಿ ಸರ್. ನಮ್ಮ ಹುಡುಗ್ಯಾರದು ಎರಡ ಸಾಲು ಉಳಸ್ರಿ, ಸಾಕು.”

ಒಂಬತ್ತನೆಯ ತರಗತಿಯ ಮೂವರು ಹುಡುಗಿಯರು ಮಗ್ಗಿ ಕೇಳುವ ಪ್ರೋಗ್ರಾಮು ಮಾಡಿದ್ದರು. ಉತ್ತರ ತಪ್ಪಾದರೆ ಅದು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಮತ್ತೆ ಕೇಳುತ್ತಿತ್ತು. ಸರಿಯಾದರೆ ಶಾಬಾಸ್ ಅನ್ನುತ್ತಿತ್ತು.

“ಅವರಾಗ ಕಣಕುಂಬಿ ಕಡಿಯಾಕಿ ಒಬ್ಬಾಕಿ ಅದಾಳ್ರಿ. ಆ ಕಂಪ್ಯೂಟರ್ ಪೆಟಿಗಿ ಮುಂದ ಕುಂತು ಏನ ಕಡದ ಗುಡ್ಡಿ ಹಾಕ್ತಿ, ಸಾಲಿ ಬಿಡು ಅಂತಾನ್ರಿ ಅವರಪ್ಪ. ಪುಸ್ತಕದಾಗ ಬರತೈತಿ, ತೋರಸ್ತೇನಿ ಅಂತ ಹೇಳಿ ಬಿಟ್ಟಾಳ.”

“ಉಳಸ್ತೇನ್ರಿ ಅಕ್ಕೋರ. ಕಾಳಜಿ ಮಾಡಬ್ಯಾಡ್ರಿ,” ಎಂದೆ.

ಉಳಿಸಿಯೂ ಉಳಿಸಿದೆ. ಪ್ರಾಧ್ಯಾಪಕರ ಹನ್ನೊಂದು ಹಾಳೆ ಹಿಂಡಿ ಮೂರು ಮಾಡಿ, ಆ ಎರಡು ಸಾಲನ್ನು ಕಟ್ಟಕಡೆಗೆ ಇಟ್ಟೆ. ಕಡೆಯಲ್ಲಿದ್ದದ್ದು ಓದಿದವರ ಮನಸ್ಸಿನಲ್ಲಿ ನಿಲ್ಲುತ್ತದೆ ಎಂಬ ನನ್ನ ಜಾಣತನ! ಪುಟ ಜೋಡಿಸುವಾಗ ಲೇಖನ ಎರಡು ಸಾಲು ಹೆಚ್ಚಾಯಿತಂತೆ. ಹೆಚ್ಚಾದರೆ ಕೆಳಗಿನಿಂದ ತೆಗೆಯಿರಿ, ನನ್ನನ್ನು ಕೇಳುತ್ತ ಕೂರಬೇಡಿ ಎಂದು ಪ್ರೆಸ್ಸಿನವರಿಗೆ ಹೇಳಿಟ್ಟವನು ನಾನೇ. ಕರಡು ನನ್ನ ಮೇಜಿಗೂ ಬಂದಿತ್ತು. ಅಂದು ಹದಿನೇಳು ಲೇಖನಗಳ ಕರಡು ನೋಡಿ ಕಣ್ಣು ಉರಿಯುತ್ತಿದ್ದವು. ಮೊದಲ ಪ್ಯಾರಾ ಓದಿ ಸಹಿ ಹಾಕಿದೆ.

ಪುಸ್ತಕ ಬಂದ ವಾರವೇ ಅಕ್ಕೋರು ಮೂವರನ್ನೂ ಕರೆದುಕೊಂಡು ಬಂದರು. ಹುಡುಗಿಯರು ಎಣ್ಣೆ ಹಚ್ಚಿ ಎರಡು ಜಡೆ ಹೆಣೆದುಕೊಂಡಿದ್ದರು. ನಾನೇ ಖುಷಿಯಿಂದ ಪುಟ ತೆಗೆದುಕೊಟ್ಟೆ. ಅಕ್ಕೋರು ಕಡೆಯವರೆಗೂ ಓದಿದರು. ಮತ್ತೊಮ್ಮೆ ಓದಿ, ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದರು. ನೋಡಿದ ಕೂಡಲೇ ತಿಳಿಯಿತು, ಆ ಎರಡು ಸಾಲೇ ಇರಲಿಲ್ಲ. ನಾಚಿಕೆಯಿಂದ ಭೂಮಿಗಿಳಿದು ಹೋದೆ.

“ನಮ್ಮದು ಯಾವ ಪುಟದಾಗ ಐತ್ರಿ ಸರ್?” ಕಣಕುಂಬಿಯವಳು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕೋರು ಹೇಳಿದರು: “ನಿಮ್ಮದು ಎರಡನೇ ಭಾಗದಾಗ ಹಾಕ್ಯಾರವಾ. ನಡೀರಿ, ಬಸ್ ಹೋಗತೈತಿ.”

ಎರಡನೆಯ ಭಾಗವೆಂಬುದೇ ಇರಲಿಲ್ಲ. ನನ್ನ ಮಾನ ಕಾಯಲು ಅವರು ಸುಳ್ಳು ಹೇಳಿದ್ದರು.

ಹುಡುಗಿ ಬಾಗಿಲವರೆಗೆ ಹೋಗಿ ತಿರುಗಿ ಬಂದಳು.

“ಅದು ಜೂನ್ ಒಳಗ ಬರತೈತೇನ್ರಿ ಸರ್? ಜೂನದಾಗ ಅಪ್ಪ ನನ್ನ ಸಾಲಿ ಬಿಡಸ್ತಾನ್ರಿ.”