ಅವ್ವನಿಗೆ ಇಡದ ಎಡೆ

ರಾಮನಗರ ಹತ್ತಿರವಾದ ಹಾಗೆ ಬಸ್ಸಿನಲ್ಲಿದ್ದವರೆಲ್ಲ ಮೂಗಿಗೆ ಸೆರಗು, ಕರ್ಚೀಫು ಹಿಡಿಯುತ್ತಿದ್ದರು. ರೇಷ್ಮೆಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಹುಳದ ವಾಸನೆ ಅದು. ನಾನು ಮಾತ್ರ ಕಿಟಕಿ ಪೂರ್ತಿ ತೆರೆದು ಉಸಿರೆಳೆದುಕೊಳ್ಳುತ್ತಿದ್ದೆ. ಚೀನಾದ ನಮ್ಮೂರಿನಲ್ಲಿ ದಿನವಿಡೀ ನೂಲು ತೆಗೆದು ಬರುತ್ತಿದ್ದ ಅವ್ವನ ಮೈಯಿಂದಲೂ ಇದೇ ವಾಸನೆ ಬರುತ್ತಿತ್ತು.

ಮದುವೆಯಾಗಿ ಹತ್ತೊಂಬತ್ತಕ್ಕೆ ಬೆಂಗಳೂರಿಗೆ ಬಂದವಳು ನಾನು. ಅಲ್ಲೇ ನೆಲೆಸಿದ್ದ ಚೀನಾದವರೇ ಆದ ಮಾವನದು ರೇಷ್ಮೆ ಬಟ್ಟೆಯ ಅಂಗಡಿ. ಬಂದ ಸ್ವಲ್ಪ ದಿನಕ್ಕೆ ಎರಡು ದೇಶಗಳಿಗೂ ಯುದ್ಧವಾಯಿತು. ಊರಿನಿಂದ ಸುದ್ದಿ ಬರುವುದು ನಿಂತಿತು, ಮತ್ತೆ ಬರಲೇ ಇಲ್ಲ. ಇಲ್ಲಿದ್ದ ಚೀನಾದ ನಮ್ಮವರಲ್ಲಿ ಎಷ್ಟೋ ಜನ ಬೇರೆ ದೇಶಗಳಿಗೆ ಹೊರಟರು, ನನಗೂ ಬುದ್ಧಿ ಹೇಳಿದರು. ನಾನು ಗಂಡನನ್ನು ಹೊರಡಿಸಿಕೊಂಡು ರಾಮನಗರಕ್ಕೆ ಬಂದು ನೂಲು ತೆಗೆಯುವ ಕಾರ್ಖಾನೆ ಹಾಕಿದೆ. ಲಾಭಕ್ಕೆ ಅಂತ ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಆ ವಾಸನೆ ಬಿಟ್ಟು ಹೋಗಲು ಮನಸ್ಸಾಗಲಿಲ್ಲ.

ಲಾಭವೂ ಬಂತೆನ್ನಿ. ಆಗ ರೇಷ್ಮೆಗೆ ಶುಕ್ರದೆಸೆ. ಕನಕಪುರ, ಮಾಗಡಿ, ಚನ್ನಪಟ್ಟಣದ ಕಡೆಯಿಂದೆಲ್ಲ ಗೂಡು ಬಂದು ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹರಾಜಿನಲ್ಲಿ ನಾನು ಸವಾಲು ಕೂಗಿದರೆ ಗಂಡಸರು ತಿರುಗಿ ನೋಡುತ್ತಿದ್ದರು. ನೋಡಲಿ ಬಿಡಿ, ಗೂಡು ನನ್ನದಾಗುತ್ತಿತ್ತು. ಕನ್ನಡ ಕಲಿತದ್ದೂ ಅಲ್ಲೇ, ಜಗಳವಾಡುತ್ತ. ಆಮೇಲೆ ಅದೇ ಕನ್ನಡದಲ್ಲಿ ಕತೆ ಬರೆದೆ, ಪುಸ್ತಕಗಳಾದವು. ಅವ್ವನ ಬಗ್ಗೆ ಮಾತ್ರ ಬರೆಯಲಾಗಲಿಲ್ಲ. ಬದುಕಿದ್ದಾಳೋ ಇಲ್ಲವೋ ಗೊತ್ತಿಲ್ಲದೆ ಮೊದಲ ಸಾಲೇ ಮುಂದಕ್ಕೆ ಹೋಗುತ್ತಿರಲಿಲ್ಲ.

ಪಕ್ಕದ ಮನೆಯವರು ಅಕ್ಕೂರಿನ ಕಡೆಯ ರೈತರು. ಹುಳ ಸಾಕಿದ ದುಡ್ಡಿನಲ್ಲಿ ಟೌನಿನಲ್ಲಿ ಮನೆ ಕಟ್ಟಿದ್ದರು. ಪಿತೃಪಕ್ಷ ಬಂದರೆ ಆ ಮನೆಯ ಹಿರಿಯಾಕೆ ತೀರಿಹೋದ ತನ್ನ ಅತ್ತೆಗೆ ಎಡೆ ಇಡುತ್ತಿದ್ದಳು. ಬಾಳೆಲೆಯ ಮೇಲೆ ಮುದ್ದೆ, ಕೋಳಿ ಸಾರು, ವಡೆ, ಪಕ್ಕದಲ್ಲಿ ಆ ಅತ್ತೆಗೆ ಇಷ್ಟವಾದ ನಶ್ಯದ ಡಬ್ಬಿ. ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಅವರು ಸತ್ತವರನ್ನಾದರೂ ವರ್ಷಕ್ಕೊಮ್ಮೆ ಕರೆದು ಉಣಿಸುತ್ತಾರೆ, ನನಗೆ ಅದೂ ಇಲ್ಲವಲ್ಲ ಅನ್ನಿಸುತ್ತಿತ್ತು.

ಒಂದು ವರ್ಷ ತಡೆಯಲಾಗಲಿಲ್ಲ. ಆಗತಾನೆ ನೂಲು ಬಿಟ್ಟ ಹುಳವನ್ನು ಕಾರ್ಖಾನೆಯಿಂದ ಒಂದು ಬೋಗುಣಿ ತಂದೆ. ಇಲ್ಲಿ ಅದು ಕೋಳಿಯ ಆಹಾರಕ್ಕೆ ಹೋಗುತ್ತದೆ. ಅವ್ವ ಅದನ್ನು ಬೆಳ್ಳುಳ್ಳಿ, ಉಪ್ಪು, ಒಣಮೆಣಸಿನಕಾಯಿ ಹಾಕಿ ಹುರಿದು ಮೊದಲ ತುತ್ತು ನನ್ನ ಬಾಯಿಗಿಡುತ್ತಿದ್ದಳು. ಹಾಗೇ ಹುರಿದೆ. ಬಾಳೆಲೆ ಹಾಸಿ ಬಡಿಸಿದೆ. ಅಷ್ಟರಲ್ಲಿ ಪಕ್ಕದ ಮನೆಯ ಆ ಹಿರಿಯಾಕೆ ವಡೆ ಕೊಡಲು ಒಳಗೆ ಬಂದಳು.

“ಇದೇನವ್ವಾ, ಹುಳ ಹುರ್ದಿದ್ದೀಯಲ್ಲ!” ಎಂದು ಮುಖ ಹಿಂಡಿದಳು.

“ನಮ್ಮವ್ವಂಗೆ ಎಡೆ” ಅಂದೆ.

“ಯಾವಾಗ ತೀರ್ಕಂಡ್ರು? ಒಂದ್ ಮಾತೂ ಹೇಳ್ನಿಲ್ವಲ್ಲ!”

“ಗೊತ್ತಿಲ್ಲ. ಇದ್ದಾಳೋ ಇಲ್ವೋ, ಅದೇ ಗೊತ್ತಿಲ್ಲ.”

ಅವಳು ವಡೆಯ ತಟ್ಟೆ ಕೆಳಗಿಟ್ಟು ಆ ಎಲೆಯನ್ನು ಎತ್ತಿಯೇಬಿಟ್ಟಳು. “ಬುದ್ಧಿ ಐತಾ ನಿಂಗೆ? ಹೆತ್ತವ್ವನ್ನ ನೀನೇ ಸಾಯಿಸ್ಬುಡ್ತೀಯಾ? ಸುದ್ದಿ ಬರೋಗಂಟ ಎಡೆ ಇಕ್ಬಾರ್ದು ಕಣವ್ವ. ತಟ್ಟೇಲಿ ಹಾಕ್ಕಂಡು ನೀನೇ ಉಣ್ಣು. ನಾ ಇಲ್ಲೇ ಕುಂತಿರ್ತೀನಿ.”

ವಾಸನೆ ತಡೆಯಲಾರದೆ ಮುಖ ಆ ಕಡೆ ಮಾಡಿಕೊಂಡೇ ಕೂತಳು, ಎದ್ದು ಮಾತ್ರ ಹೋಗಲಿಲ್ಲ. ಖಾರ ಹೆಚ್ಚಾಗಿತ್ತು, ಆದರೂ ರುಚಿ ಅವ್ವನದೇ. ನನಗೆ ಅಳು ತಡೆಯಲಾಗಲಿಲ್ಲ. ಅವಳು ಸುಮ್ಮನಿರು ಅನ್ನಲಿಲ್ಲ.

ದೇಶಗಳ ನಡುವೆ ಓಡಾಟ ಶುರುವಾದ ಮೇಲೆ ಒಮ್ಮೆ ಊರಿಗೆ ಹೋದೆ. ನಮ್ಮ ಹಿಪ್ಪುನೇರಳೆ ತೋಟವಿದ್ದ ಕಡೆ ಬಿಡದಿಯಲ್ಲಿರುವಂಥದೇ ಕೈಗಾರಿಕಾ ಪ್ರದೇಶ ಎದ್ದಿತ್ತು. ಅವ್ವನನ್ನು ಬಲ್ಲವರು ಒಬ್ಬರೂ ಸಿಗಲಿಲ್ಲ. ಸುದ್ದಿ ಸಿಗಲಿಲ್ಲವೆಂದು ಅಳಬೇಕೋ, ಸಮಾಧಾನಪಡಬೇಕೋ ತಿಳಿಯದೆ ವಾಪಸಾದೆ.

ಪಕ್ಕದ ಮನೆಯಾಕೆ ತೀರಿಹೋದಳು. ಈಗ ಅವಳ ಸೊಸೆ ಅವಳಿಗೆ ಎಡೆ ಇಡುತ್ತಾಳೆ. ನನಗೇ ಎಂಬತ್ತಾಯಿತು, ಅವ್ವನಿಗೆ ನೂರು ದಾಟಿರಬೇಕು. ಸುದ್ದಿ ಇನ್ನೂ ಬಂದಿಲ್ಲ. ನಾನು ಎಡೆ ಇಟ್ಟಿಲ್ಲ.